ಎಡಗೈ ಯಂತ್ರ

ಕೂಸಪ್ಪನಿಗೆ ಇದ್ದದ್ದು ಒಂದೇ ಒಂದು ಆಸೆ. ಬೆಂಗಳೂರಿನ ಯಂತ್ರದ ಕಾರ್ಖಾನೆಯವರು ತನ್ನನ್ನು ಕರೆಸಬೇಕು. ಕರೆಸಿ, ಕೂರಲು ಕುರ್ಚಿ ಕೊಟ್ಟು, 'ನಿಮ್ಮ ಯಂತ್ರದಲ್ಲಿ ಒಂದು ಕಡೆ ನಮ್ಮ ಬುದ್ಧಿ ಓಡಲಿಲ್ಲ, ಸ್ವಲ್ಪ ಹೇಳಿಕೊಡಿ' ಎನ್ನಬೇಕು. ದುಡ್ಡು ಗಿಡ್ಡು ಆಮೇಲಿನ ಮಾತು. ಹದಿನೈದು ತಿಂಗಳಿನಿಂದ ಆ ಕರೆಗೆ ಕಾದಿದ್ದ. ಮಾದಾಪುರದ ಪೋಸ್ಟ್‌ಮ್ಯಾನ್ ಎದುರು ಬಂದರೆ, ತನಗೇನೂ ಆತುರವಿಲ್ಲ ಎನ್ನುವಂತೆ ಮರದ ಮೇಲಿನ ಜೇನುಗೂಡನ್ನು ನೋಡುತ್ತ ನಿಂತುಬಿಡುತ್ತಿದ್ದ. ಆ ಮರದಲ್ಲಿ ಗೂಡು ಇತ್ತೋ ಇಲ್ಲವೋ, ಅದು ಬೇರೆ ವಿಷಯ.

ಕರೆ ಬರಲಿಲ್ಲ. ಅದರ ಬದಲು ಯಂತ್ರವೇ ಬಂತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಡಿಸೆಂಬರ್ ತಿಂಗಳು, ಕಾಫಿ ತೋಟದಲ್ಲಿ ಹಣ್ಣು ಕೊಯ್ಯುವ ಪಿಕಿಂಗ್ ಜೋರಾಗಿ ನಡೆದಿತ್ತು. ಪೂವಯ್ಯ ಸಾಹುಕಾರರ ತೋಟದಲ್ಲಿ ಕೂಸಪ್ಪ ಫಿಟ್ಟರ್. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಜವಾಬ್ದಾರಿ ಪೂರ್ತಿ ಅವನದು. ಆ ಬೆಳಿಗ್ಗೆ ಸಾಹುಕಾರರು ಜೀಪು ನಿಲ್ಲಿಸಿ, "ಕೂಸಪ್ಪ, ಬೆಂಗಳೂರಿನ ಕಾರ್ಖಾನೆಯವರು ಹೊಸ ಪಲ್ಪರ್ ಮಾಡಿದ್ದಾರಂತೆ. ಇವತ್ತು ಹತ್ತು ಗಂಟೆಗೆ ನಮ್ಮಲ್ಲೇ ತೋರಿಸ್ತಾರೆ. ಡೈರೆಕ್ಟರೇ ಬರ್ತಾರೆ. ಅಂಗಳ ಗುಡಿಸಿಡು," ಎಂದು ಹೇಳಿ ಹೋದರು.

ಕೂಸಪ್ಪ ಅಂಗಳವನ್ನು ಗುಡಿಸಿದ, ಗುಡಿಸಿದ್ದನ್ನೇ ಮತ್ತೆ ಗುಡಿಸಿದ. ಮನೆಗೆ ಓಡಿ ಹೋಗಿ ಬಿಳಿ ಅಂಗಿ ತೊಟ್ಟು, ತಂಗಿ ದಮಯಂತಿಯನ್ನೂ ಕರೆದುಕೊಂಡು ಬಂದ. ನೋಡಬೇಕಾದವಳು ಅವಳೇ ಅಲ್ಲವೇ?

ಇಲ್ಲಿ ದಮಯಂತಿಯ ಕೈಯ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವಳಿಗೆ ಹದಿನಾಲ್ಕು ವರ್ಷವಿದ್ದಾಗ ಇದೇ ಪಲ್ಪರ್ ಮನೆಯಲ್ಲಿ ವಿಲಾಯಿತಿಯಿಂದ ಬಂದ ಹಳೆಯ ಸೀಮೆ ಯಂತ್ರಕ್ಕೆ ಹಣ್ಣು ತುಂಬುತ್ತಿದ್ದಳು. ಒಂದು ದಿನ ಹಣ್ಣು ಯಂತ್ರದ ಬಾಯಲ್ಲಿ ಸಿಕ್ಕಿಕೊಂಡಿತು. ಎಲ್ಲರೂ ಮಾಡುವಂತೆ ಇವಳೂ ಬೆರಳಿನಿಂದ ಒತ್ತಿದಳು. ಬಲಗೈಯ ಎರಡು ಬೆರಳು ಹೋದವು. ಆಮೇಲೆ ಮದುವೆಯ ಮಾತು ಎರಡು ಸಲ ಮನೆಯ ಹೊಸ್ತಿಲವರೆಗೆ ಬಂದು, ಕೈ ನೋಡಿ ವಾಪಸು ಹೋಯಿತು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡೇ ಓಡಾಡುವುದು ಅವಳಿಗೆ ರೂಢಿಯಾಯಿತು. ಯಂತ್ರದ ಹಿಡಿ ತಿರುಗಿಸುತ್ತಿದ್ದವನು ಆ ದಿನ ಕೂಸಪ್ಪನೇ. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಬಾಯಿಬಿಡದವನು ಕೈಯಲ್ಲಿ ಮಾಡಿ ತೋರಿಸಿದ. ಆರು ವರ್ಷ ಹಿತ್ತಿಲಲ್ಲಿ ಕುಟ್ಟಿದ, ಕೊರೆದ, ಕೆಡವಿದ, ಮತ್ತೆ ಕಟ್ಟಿದ. ಹಲಸಿನ ಮರದ ಉರುಳೆ, ಅದರ ಮೇಲೆ ಒಡೆದ ಸ್ನಾನದ ಹಂಡೆಯ ತಾಮ್ರದ ತಗಡು. ಸೀಮೆ ಯಂತ್ರಕ್ಕೆ ಇಬ್ಬರು ಗಂಡಸರು, ಒಂದು ತೋಡಿನಷ್ಟು ಹರಿಯುವ ನೀರು ಬೇಕು. ಇವನದಕ್ಕೆ ಒಬ್ಬಳು ಹೆಂಗಸು, ಎರಡು ಕೊಡ ನೀರು ಸಾಕು. ಒಬ್ಬಳು ಅಂದರೆ ಯಾರೋ ಒಬ್ಬಳಲ್ಲ, ದಮಯಂತಿ. ಅವಳಿಗೆ ಗಟ್ಟಿ ಹಿಡಿತ ಉಳಿದಿದ್ದು ಎಡಗೈಯಲ್ಲಿ. ಹಾಗಾಗಿ ಹಿಡಿಯನ್ನು ಎಡಕ್ಕೆ ಇಟ್ಟ. ಎಡಗೈ ತಿರುಗಿಸಬೇಕು, ಮೂರು ಬೆರಳಿನ ಬಲಗೈ ಹಣ್ಣು ತಳ್ಳಬೇಕು.

ಆದರೆ ಆ ಮೂರು ಬೆರಳೂ ಹೋದರೆ? ಅದಕ್ಕೇ ಒಂದು ಅಡ್ಡತಗಡು ಮಾಡಿದ. ನೋಡಿದರೆ ಏನೂ ಅಲ್ಲ, ಸೀಮೆಎಣ್ಣೆ ಡಬ್ಬದ ತಗಡಿನ ಒಂದು ಬಾಗಿದ ತುಂಡು. ಯಂತ್ರದ ಬಾಯೊಳಗೆ ಅದನ್ನು ಸಿಕ್ಕಿಸಿದರೆ ದಾರಿ ಒಂದು ಕಡೆ ಮುರಿಯುತ್ತದೆ. ಹಣ್ಣು ಉರುಳಿಕೊಂಡು ಆ ತಿರುವಿನಲ್ಲಿ ತಿರುಗಿ ಹೋಗುತ್ತದೆ, ಬೆರಳು ತಿರುಗುವುದಿಲ್ಲ. ಹಿಡಿಯಿಂದ ತಗಡಿಗೆ ಒಂದು ತಂತಿ ಕಟ್ಟಿದ್ದರಿಂದ ತಿರುಗಿಸಿದಂತೆಲ್ಲ ತಗಡು ಅಲುಗುತ್ತ, ಹಣ್ಣು ಸಿಕ್ಕಿಕೊಳ್ಳುವುದೂ ತಪ್ಪಿತು. ಆರು ವರ್ಷದಲ್ಲಿ ಐದು ವರ್ಷ ತಿಂದಿದ್ದು ಆ ಒಂದು ತುಂಡು ತಗಡು. ಮೊದಲ ಸಲ ತಿರುಗಿಸಿದ ದಿನ ದಮಯಂತಿ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದಳು. ಮೂವತ್ತೈದರ ಗಂಡಸು ಕೂಸಪ್ಪ ಕೊಟ್ಟಿಗೆಯ ಹಿಂದೆ ಹೋಗಿ ಅತ್ತುಬಿಟ್ಟ.

ಸಾಹುಕಾರರು ಬೆಳೆಗಾರರ ಸಭೆಯಲ್ಲಿ ಈ ಯಂತ್ರದ ಮಾತೆತ್ತಿದ್ದರಂತೆ. ಹೋದ ವರ್ಷ ಕೈಲ್‌ಮುಹೂರ್ತದ ದಿನವೇ ಕಾರ್ಖಾನೆಯ ಸಂಶೋಧನಾ ವಿಭಾಗದ ಎಂಜಿನಿಯರ್, ಮಂಜುನಾಥ ಎಂಬ ಎಳೆಯ ಹುಡುಗ, ಅಳತೆಪಟ್ಟಿ ಹಿಡಿದು ಮನೆಗೆ ಬಂದ. ಕೈಲ್‌ಮುಹೂರ್ತವೆಂದರೆ ಕೋವಿ, ಕತ್ತಿ, ನೇಗಿಲನ್ನೆಲ್ಲ ತೊಳೆದು ದೇವರ ಕೋಣೆಯಲ್ಲಿಟ್ಟು ಕೋವಿ ಹೂ ಎಂಬ ಕಾಡುಹೂ ಮುಡಿಸುವ ಹಬ್ಬ. ಆಯುಧವನ್ನು ಪೂಜೆಯಾಗುವ ತನಕ ಮುಟ್ಟುವ ಹಾಗಿಲ್ಲ. ಇಡೀ ಪಲ್ಪರನ್ನು ಹೊತ್ತು ಒಳಗೆ ತರಲಾಗದೆ ಕೂಸಪ್ಪ ಅಡ್ಡತಗಡನ್ನು ಮಾತ್ರ ತಂತಿಯ ಸಮೇತ ಬಿಚ್ಚಿ, ಅಜ್ಜನ ಕೋವಿಯ ಪಕ್ಕದಲ್ಲಿ ಇಟ್ಟಿದ್ದ. ಅವನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಆಯುಧ ಆ ಮನೆಯಲ್ಲಿ ಇರಲಿಲ್ಲ.

ಮಂಜುನಾಥ ಒಳ್ಳೆಯ ಹುಡುಗ. ಮಣ್ಣಿನಲ್ಲಿ ಮಂಡಿಯೂರಿ ಒಂದೊಂದು ಮೊಳೆಯನ್ನೂ ಅಳೆದು ಚಿತ್ರ ಬರೆದ. ತಿರುಗಿಸಿ ನೋಡೋಣವೆಂದರೆ ಸೆಪ್ಟೆಂಬರ್ ತಿಂಗಳಲ್ಲಿ ಗಿಡದಲ್ಲಿ ಇರುವುದೆಲ್ಲ ಹಸಿರು ಕಾಯಿ. ಕೊನೆಗೆ ಕೇಳಿದ, "ಇಷ್ಟೇನಾ ಕೂಸಪ್ಪನವರೇ? ಇನ್ನೇನಾದರೂ ಭಾಗ ಇದೆಯಾ?"

ಕೂಸಪ್ಪನ ಕಣ್ಣು ದೇವರ ಕೋಣೆಯ ಬಾಗಿಲಿಗೆ ಹೋಯಿತು. ಇನ್ನೊಂದು ಗಂಟೆ ಕಾದಿದ್ದರೆ ಪೂಜೆ ಮುಗಿದು ತಗಡು ಕೈಗೆ ಬರುತ್ತಿತ್ತು. ಅಡುಗೆಮನೆಯಲ್ಲಿ ಹಂದಿ ಸಾರು ಕುದಿಯುತ್ತಿತ್ತು, ಊಟ ಮಾಡಿಕೊಂಡು ಹೋಗಿ ಎಂದರೆ ಆ ಹುಡುಗ ಬೇಡ ಎನ್ನುತ್ತಿರಲಿಲ್ಲ. ಆದರೆ ಕೂಸಪ್ಪನಿಗೆ ಹಳೆಯದೊಂದು ನೆನಪಾಯಿತು. ಒಮ್ಮೆ ಅವನು ಏಲಕ್ಕಿ ಒಣಗಿಸುವ ಜರಡಿ ಮಾಡಿದ್ದ. ಅದನ್ನು ನೋಡಿಹೋದ ಒಬ್ಬ ಆಫೀಸರು ಮಡಿಕೇರಿಯ ವಸ್ತುಪ್ರದರ್ಶನದಲ್ಲಿ ತನ್ನದೆಂದು ಇಟ್ಟು ಬಹುಮಾನ ಹೊಡೆದಿದ್ದ. ಎಲ್ಲವನ್ನೂ ಕೊಟ್ಟುಬಿಟ್ಟರೆ ಕೊಟ್ಟವನನ್ನು ಯಾರು ಕೇಳುತ್ತಾರೆ? ಒಂದು ಒಳಗಿರಲಿ. ಯಂತ್ರ ಮಾಡುವವರು ಹಣ್ಣು ಹಾಕಿ ನೋಡದೆ ಬಿಡುತ್ತಾರೆಯೇ? ಹಾಕಿದ ಕೂಡಲೇ ಏನೋ ಕೊರತೆಯಿದೆ ಅಂತ ಗೊತ್ತಾಗುತ್ತದೆ. ಆಗ ಕರೆಯಲೇಬೇಕು.

"ಇಷ್ಟೇ ಸಾರ್," ಎಂದ.

ಮಂಜುನಾಥ ಚಿತ್ರದ ಕೆಳಗೆ 'ಯಂತ್ರದ ಎಲ್ಲಾ ಭಾಗಗಳು ಇಷ್ಟೇ' ಎಂದು ಬರೆದು ರುಜು ಕೇಳಿದ. ಕೂಸಪ್ಪ ಮೀಸೆಯಡಿಯಲ್ಲಿ ನಗುತ್ತ ದೊಡ್ಡದಾಗಿ ರುಜು ಹಾಕಿದ. ಅವನ ಹೆಸರು ಬೆಂಗಳೂರಿಗೆ ಹೋಗುತ್ತಿತ್ತು. ಹುಡುಗ ಬಸ್ಸು ಹಿಡಿದ ಮೇಲೆ ದಮಯಂತಿ ಕೇಳಿದಳು, "ಅಣ್ಣ, ತಗಡೂ ತೋರಿಸ್ದ್ಯಾ?" ಇವನು, "ಎಲ್ಲಾ ಕೊಟ್ಟೆ," ಎಂದ. ತಂಗಿಗೆ ಅವನು ಹೇಳಿದ ಸುಳ್ಳು ಅದೊಂದೇ. ಮರುದಿನ ತಗಡನ್ನು ತಂದು ತಮ್ಮ ಯಂತ್ರಕ್ಕೆ ಸಿಕ್ಕಿಸಿದ.

ಅಲ್ಲಿಂದ ಹದಿನೈದು ತಿಂಗಳು. ಈಗ ಮತ್ತೆ ಪಲ್ಪರ್ ಮನೆಯ ಅಂಗಳ.

ಲಾರಿಯಿಂದ ಮರದ ಪೆಟ್ಟಿಗೆ ಇಳಿಯಿತು. ಕಾರಿನಿಂದ ಡೈರೆಕ್ಟರ್ ಇಳಿದರು. ಕೋಟು, ಟೈ, ಮುಖದ ತುಂಬ ಸಂತೃಪ್ತಿ. ಹಿಂದೆ ಫೈಲು ಹಿಡಿದು ಮಂಜುನಾಥ. ಕೂಸಪ್ಪನನ್ನು ನೋಡಿ ಆ ಹುಡುಗ ತಲೆಯಾಡಿಸಿದ, ಆದರೆ ಹತ್ತಿರ ಬರಲಿಲ್ಲ. ಕೂಲಿಯವರ ಲೈನ್ ಮನೆಗಳಿಂದ ಪಿಕಿಂಗ್ ಹೆಂಗಸರೆಲ್ಲ ಬಂದು ಸುತ್ತ ನೆರೆದಿದ್ದರು. ಸಾಹುಕಾರರು ಪೆಟ್ಟಿಗೆಯ ಹಲಗೆ ಕೀಳಿಸಿದರು.

ಕೂಸಪ್ಪ ಬೆಪ್ಪಾಗಿ ನಿಂತುಬಿಟ್ಟ. ಹಸಿರು ಬಣ್ಣ ಬಳಿದು ಥಳಥಳ ಹೊಳೆಯುತ್ತಿದ್ದ ಆ ಕಬ್ಬಿಣದ ಯಂತ್ರ ಅವನದೇ. ಉರುಳೆ ಅವನದು, ಕಾಲು ಅವನವು, ಹಿಡಿ ಎಡಕ್ಕೆ. ಅಷ್ಟೇ ಆದರೆ ಸರಿ. ಅವನ ಉರುಳೆಯ ತಾಮ್ರದಲ್ಲಿ ಹಂಡೆಯ ಕಿವಿ ಇದ್ದ ಜಾಗದಲ್ಲಿ ಎರಡು ತೂತು ಉಳಿದಿದ್ದವು. ಅವನ್ನು ಮುಚ್ಚಲು ಎರಡು ಬಿಲ್ಲೆ ಬಡಿದಿದ್ದ. ಈ ಹೊಸ ಯಂತ್ರದ ಉರುಳೆಯಲ್ಲೂ ಅದೇ ಜಾಗದಲ್ಲಿ ಎರಡು ಬಿಲ್ಲೆ! ಬೆಂಗಳೂರಿನ ಕಾರ್ಖಾನೆಯಲ್ಲಿ ಹಂಡೆ ಎಲ್ಲಿಂದ ಬಂತು ಮಾರಾಯರೇ? ಕೂಸಪ್ಪನಿಗೆ ನಗು ಉಕ್ಕಿ ಬಂತು. ಕದ್ದರಲ್ಲ ಎಂಬ ಸಿಟ್ಟಿಗಿಂತ, ಇಷ್ಟು ಓದಿದವರು ತನ್ನ ತೇಪೆಯನ್ನೂ ಬಿಡದೆ ಕದ್ದರಲ್ಲ ಎಂಬ ದಿಗ್ಭ್ರಮೆಯೇ ಹೆಚ್ಚಾಗಿತ್ತು.

ಡೈರೆಕ್ಟರ್ ಭಾಷಣ ಶುರು ಮಾಡಿದರು. ಇದು ನಮ್ಮ ಸಂಶೋಧನಾ ವಿಭಾಗದ ಮೂರು ವರ್ಷದ ತಪಸ್ಸು ಎಂದರು. ಸ್ವತಂತ್ರ ಭಾರತ ಇನ್ನು ಸೀಮೆ ಯಂತ್ರಕ್ಕೆ ಕೈಯೊಡ್ಡಬೇಕಾಗಿಲ್ಲ ಎಂದರು. "ಹಿಡಿ ಎಡಕ್ಕಿದೆ, ಗಮನಿಸಿ. ಇದು ಆಕಸ್ಮಿಕವಲ್ಲ. ಬಲಗೈ ಹೆಚ್ಚು ಚುರುಕು. ಅದನ್ನು ಹಣ್ಣು ತುಂಬುವ ಕೆಲಸಕ್ಕೆ ಬಿಡುವು ಮಾಡಿಕೊಟ್ಟಿದ್ದೇವೆ. ಹನ್ನೊಂದು ತಿಂಗಳ ವೈಜ್ಞಾನಿಕ ಪ್ರಯೋಗದ ಫಲ ಇದು. ಆ ಎರಡು ಬಿಲ್ಲೆಗಳು ಉರುಳೆಯ ತೂಕವನ್ನು ಸಮತೋಲದಲ್ಲಿ ಇಡುತ್ತವೆ."

ಕೂಸಪ್ಪ ಬಾಯಿಗೆ ಅಂಗೈ ಅಡ್ಡ ಹಿಡಿದ. ತನ್ನ ತಂಗಿಯ ಕತ್ತರಿಸಿದ ಬೆರಳನ್ನು ವಿಜ್ಞಾನ ಅನ್ನುತ್ತಿದ್ದಾರೆ, ಅಜ್ಜಿಯ ಕಾಲದ ಹಂಡೆಯನ್ನು ಸಮತೋಲ ಅನ್ನುತ್ತಿದ್ದಾರೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗ ದಮಯಂತಿ ಅವನ ತೋಳನ್ನು ಹಿಡಿದಳು. ಎಡಗೈ ಹಿಡಿತ, ಉಗುರು ಚರ್ಮಕ್ಕೆ ಇಳಿಯುವಷ್ಟು ಬಿಗಿ.

"ಅಣ್ಣ, ತಗಡ್ ಎಲ್ಲಿ?"

"ಒಳಗೆ ಉಟ್ಟು," ಒಳಗಿದೆ ಎಂದ ಅವನು ತಮ್ಮ ಅರೆಭಾಷೆಯಲ್ಲಿ, ಯೋಚಿಸದೆ.

"ಇಲ್ಲೆ." ಅವಳು ಅಡ್ಡ ತಲೆಯಾಡಿಸಿದಳು. "ನೋಡ್. ಬಾಯಿ ತೆರ್ದೇ ಉಟ್ಟು."

ಕೂಸಪ್ಪ ನೋಡಿದ. ಮೂಗಿನ ನೇರಕ್ಕೆ, ಏನೂ ಅಡ್ಡವಿಲ್ಲದೆ, ಬಾಯಿ ಸೀದಾ ಉರುಳೆಗೆ ಇಳಿದಿತ್ತು. ತಾಮ್ರದ ಹಲ್ಲುಗಳು ಹೊರಗೇ ಕಾಣುತ್ತಿದ್ದವು. ಅವರಿಗೆ ಗೊತ್ತೇ ಆಗಿಲ್ಲ. ಹದಿನೈದು ತಿಂಗಳು ಒಬ್ಬನಿಗೂ ಗೊತ್ತಾಗಿಲ್ಲ. ಹಿಡಿ ಎಡಕ್ಕೆ ಇಟ್ಟು, ತಗಡನ್ನು ಬಿಟ್ಟರೆ, ಈ ತೋಟದ ಪ್ರತಿ ಹೆಂಗಸಿನ ಬಲಗೈ, ಅನ್ನ ಕಲಸುವ ಕೈ, ನೇರ ಆ ಹಲ್ಲಿನ ಬಾಯಿಗೆ ಹೋಗುತ್ತದೆ. ಹಣ್ಣನ್ನು ನೀರೇ ಒಳಗೆ ತಳ್ಳುತ್ತಿದ್ದ ಹಳೆಯ ಸೀಮೆ ಯಂತ್ರವೇ ಇದಕ್ಕಿಂತ ವಾಸಿ.

"ಯಾರಾದರೂ ಒಬ್ಬರು ಹೆಂಗಸು ಬನ್ನಿ," ಎಂದರು ಡೈರೆಕ್ಟರ್. ಹಾಸನದ ಕಡೆಯಿಂದ ಬಂದು ಲೈನಿನಲ್ಲಿ ನೆಲೆಸಿದ್ದ ಚಲುವಮ್ಮ ಎಲ್ಲರಿಗಿಂತ ಮುಂದಿದ್ದಳು. "ನಾ ಬತ್ತೀನಿ ಸ್ವಾಮಿ," ಎಂದು ಸೊಂಟಕ್ಕೆ ಸೆರಗು ಬಿಗಿದಳು. ಎಡಗೈಯಲ್ಲಿ ಹಿಡಿ ಹಿಡಿದಳು. ಒಬ್ಬಳು ಬುಟ್ಟಿ ಹಣ್ಣು ಸುರಿದಳು. ಕೆಂಪು ಹಣ್ಣು ಬಾಯೊಳಗೆ ಇಳಿಯಿತು. ಕಾರ್ಖಾನೆಯವರು ಕರೆತಂದಿದ್ದ ಕ್ಯಾಮೆರಾದವನು ಫೋಟೋ ತೆಗೆಯಲು ಬಗ್ಗಿದ.

ಕೂಗಬೇಕಿತ್ತು. 'ನಿಲ್ಲಿಸು' ಅಂತ ಒಂದೇ ಮಾತು. ಆದರೆ ನಿಲ್ಲಿಸು ಅಂದರೆ ಯಾಕೆ ಅಂತ ಕೇಳುತ್ತಾರೆ. ಯಾಕೆ ಅಂದರೆ ಇದರಲ್ಲೊಂದು ಭಾಗ ಇಲ್ಲ ಅನ್ನಬೇಕು. ಇಲ್ಲ ಅಂತ ನಿನಗೆ ಹೇಗೆ ಗೊತ್ತು, ಯಾಕೆ ಇಲ್ಲ, ಯಾರು ಇಟ್ಟುಕೊಂಡರು? ಸಾಹುಕಾರರ ಮುಂದೆ, ಎಲ್ಲಕ್ಕಿಂತ ದಮಯಂತಿಯ ಮುಂದೆ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಕೂಸಪ್ಪ ತಡೆದ. ಅಷ್ಟೇ ಹೊತ್ತು. ಆ ಒಂದು ಉಸಿರನ್ನು ಅವನು ಜೀವ ಇರುವ ತನಕ ಲೆಕ್ಕ ಹಾಕುವವನಿದ್ದ.

ಹಣ್ಣು ಸಿಕ್ಕಿಕೊಂಡಿತು. ಚಲುವಮ್ಮ ಎಲ್ಲರೂ ಮಾಡುವಂತೆ ಬಲಗೈ ಬೆರಳಿನಿಂದ ಒತ್ತಿದಳು. ದಮಯಂತಿ "ತಗಡ್! ತಗಡ್!" ಎಂದು ಕಿರುಚಿದಳು, ಹಾರಿ ಹೋಗಿ ಚಲುವಮ್ಮನ ಎಡಗೈ ಮೇಲೆ ತನ್ನ ಎಡಗೈ ಇಟ್ಟು ಹಿಡಿಯನ್ನು ಅದುಮಿ ನಿಲ್ಲಿಸಿದಳು. ಪೂರ್ತಿ ಹೋಗಬೇಕಾಗಿದ್ದ ಬೆರಳುಗಳು ಉಳಿದವು. ನಡುಬೆರಳಿನ ಮೇಲಿನ ಗೆಣ್ಣು ಮಾತ್ರ ಉಳಿಯಲಿಲ್ಲ.

"ಅಯ್ಯೋ ನನ್ ಕೈ! ಯವ್ವಾ ನನ್ ಕೈ!" ಚಲುವಮ್ಮನ ಕೂಗಿಗೆ ಮರದ ಮೇಲಿನ ಹಕ್ಕಿಗಳೆಲ್ಲ ಎದ್ದು ಹೋದವು. ಯಾರೋ ಸೆರಗು ಹರಿದು ಸುತ್ತಿದರು. ಸಾಹುಕಾರರು ತಾವೇ ಜೀಪಿನಲ್ಲಿ ಕೂರಿಸಿಕೊಂಡು ಮಡಿಕೇರಿ ಆಸ್ಪತ್ರೆಗೆ ಹೊರಟರು. ಅಂಗಳದಲ್ಲಿ ಕೆಂಪು ಹಣ್ಣು, ಕೆಂಪು ನೀರು, ಯಾವುದು ಯಾವುದೆಂದು ಹೇಳುವ ಹಾಗಿರಲಿಲ್ಲ.

ಡೈರೆಕ್ಟರ್ ಮುಖ ಒರೆಸಿಕೊಂಡು, "ಕೆಲಸದವರ ಅಜಾಗರೂಕತೆ. ಬಾಯಿಗೆ ಕೈ ಹಾಕಬಾರದು ಅಂತ ಒಂದು ಬೋರ್ಡು ಬರೆಸಿ ಹಾಕೋಣ," ಎಂದರು. ಸುತ್ತ ನಿಂತ ಹೆಂಗಸರಲ್ಲಿ ಓದು ಬರುತ್ತಿದ್ದವರು ಮೂರು ಮಂದಿ ಇದ್ದರೋ ಇಲ್ಲವೋ.

ಕೂಸಪ್ಪನ ತಲೆ ಕೆಟ್ಟಿತು. ಹೋಗಿ ಮಂಜುನಾಥನ ಅಂಗಿಯ ಕಾಲರ್ ಹಿಡಿದ. "ಏ ಹುಡುಗಾ! ಹಣ್ಣು ಹಾಕಿ ನೋಡ್ಲಿಲ್ವಾ ನೀವು? ಒಂದ್ಸಲ? ಒಂದೇ ಒಂದ್ಸಲ?"

"ಬೆಂಗಳೂರಲ್ಲಿ ಕಾಫಿ ಹಣ್ಣು ಸಿಗ್ಲಿಲ್ಲ," ಎಂದ ಆ ಹುಡುಗ. "ನೆನೆಸಿದ ಕಡಲೆ ಹಾಕಿದ್ವಿ. ಹಿಡಿಗೆ ಮೋಟಾರು ಕಟ್ಟಿ, ಸೌಟಲ್ಲಿ ಸುರಿದ್ವಿ. ಚೆನ್ನಾಗೇ ಓಡ್ತು."

ಕಡಲೆ! ಕೂಸಪ್ಪನ ಕೈ ತಾನಾಗಿ ಸಡಿಲವಾಯಿತು. ಮೂರು ವರ್ಷದ ತಪಸ್ಸಿನಲ್ಲಿ ಈ ಯಂತ್ರದ ಹತ್ತಿರ ಒಂದು ಹಣ್ಣೂ ಬಂದಿಲ್ಲ, ಒಂದು ಕೈಯೂ ಬಂದಿಲ್ಲ. ಇಂಥವರು ಕೊರತೆ ಕಂಡುಹಿಡಿದು ಕರೆಯುತ್ತಾರೆಂದು ತಾನು ಪೋಸ್ಟ್‌ಮ್ಯಾನ್ ದಾರಿ ಕಾದಿದ್ದೆನಲ್ಲ.

"ಆದ್ರೆ ಕೂಸಪ್ಪನವರೇ," ಎಂದ ಮಂಜುನಾಥ. ಅವನು ಫೈಲು ಬಿಚ್ಚಿ ಒಂದು ಹಾಳೆ ತೆಗೆದ. ಮಡಿಕೆಯ ಮೇಲೆ ಮಾದಾಪುರದ ಮಣ್ಣಿನ ಕಲೆ ಇನ್ನೂ ಇತ್ತು. "ನಾನು ಕೇಳಿದ್ದೆ. ಇಷ್ಟೇನಾ ಅಂತ ನಿಮ್ಮನ್ನೇ ಕೇಳಿದ್ದೆ. ಆ ಹೆಂಗಸು ಕೂಗಿದಳಲ್ಲ, ತಗಡು ತಗಡು ಅಂತ. ಯಾವ ತಗಡು?"

ಕೂಗಿದ್ದು ದಮಯಂತಿ. ಅವಳು ಹತ್ತಿರ ಬಂದಳು. ಚಲುವಮ್ಮನ ರಕ್ತ ಅವಳ ಎಡಗೈಯ ಮೇಲೆ ಇತ್ತು. ಅಣ್ಣನನ್ನು ಏನೂ ಕೇಳದೆ ಆ ಹುಡುಗನ ಕೈಯಿಂದ ಹಾಳೆ ತೆಗೆದುಕೊಂಡು ಓದಿದಳು. ಯಂತ್ರದ ಎಲ್ಲಾ ಭಾಗಗಳು ಇಷ್ಟೇ. ಕೆಳಗೆ ಅಣ್ಣನ ದೊಡ್ಡ ರುಜು.

"ಎಲ್ಲಾ ಕೊಟ್ಟೆ ಅಂತ ಹೇಳ್ದಲ್ಲಾ ನೀ ನಂಗೆ," ಎಂದಳು.

"ನನ್ನ ಕರೀಲಿ ಅಂತ ಇಟ್ಕೊಂಡೆ," ಎಂದ ಕೂಸಪ್ಪ. ಹದಿನೈದು ತಿಂಗಳು ಹೊಟ್ಟೆಯಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದ ಜಾಣತನ ಬಾಯಿಂದ ಹೊರಬಿದ್ದಾಗ ಅದು ಅಷ್ಟೇ ಚಿಕ್ಕದಿತ್ತು. ದಮಯಂತಿ ಬಲಗೈಯನ್ನು ಮತ್ತೆ ಸೆರಗಿನೊಳಗೆ ಸೇರಿಸಿಕೊಂಡಳು. ಕೂಸಪ್ಪನಿಗೆ ಅವಳು ಕಪಾಳಕ್ಕೆ ಹೊಡೆದಿದ್ದರೆ ಎಷ್ಟೋ ಸುಖವಿತ್ತು.

ಅವಳು ಮಂಜುನಾಥನ ಕಡೆ ತಿರುಗಿ ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಕೇಳಿದಳು. "ಇಂಥವು ಎಷ್ಟು ಕಳಿಸಿದ್ದೀರಿ?"

"ಎಂಬತ್ತಾರು," ಎಂದ ಅವನು. ಹೇಳುವಾಗಲೇ ಅವನ ಮುಖ ಬಿಳಿಚಿಕೊಂಡಿತು. "ಈ ವಾರದಲ್ಲೇ. ಸಿದ್ದಾಪುರದ ಸುತ್ತ ಮೂವತ್ತು. ಕಕ್ಕಬೆ ಕಡೆ ಹನ್ನೆರಡು. ಉಳಿದದ್ದು ಸೋಮವಾರಪೇಟೆ ದಾರಿಯಲ್ಲಿ. ಕೆಲವರು ಪೆಟ್ಟಿಗೆ ಬಿಚ್ಚಿರಲಿಕ್ಕಿಲ್ಲ."

"ಬಿಚ್ಚಿದವರು?"

ಅವನು ಫೈಲಿನಿಂದ ತೋಟಗಳ ಪಟ್ಟಿ ಹೊರಗೆ ತೆಗೆದ. ಡೈರೆಕ್ಟರ್ ಕಾರು ಹತ್ತಿ, ಹೆಡ್ ಆಫೀಸಿಗೆ ಟೆಲಿಗ್ರಾಂ ಕೊಡುತ್ತೇನೆಂದು ಹೇಳಿ ಹೊರಟೇಬಿಟ್ಟರು. ದಮಯಂತಿ ಮನೆಯ ಕಡೆ ಓಡಿದಳು. ತಮ್ಮ ಯಂತ್ರದ ಬಾಯಿಂದ ಅಡ್ಡತಗಡನ್ನು ಕಿತ್ತು ತಂದು ಅಣ್ಣನ ಕೈಗೆ ಹಾಕಿದಳು. ಹಬ್ಬದ ಕುಂಕುಮ ಇನ್ನೂ ಅದರ ಅಂಚಿನಲ್ಲಿ ಒಣಗಿ ಹಿಡಿದಿತ್ತು.

"ಲಾರಿ ಹತ್ತ್," ಎಂದಳು.

ಕೂಸಪ್ಪ ಹತ್ತಿದ. ಮಂಜುನಾಥ ಪಟ್ಟಿ ಹಿಡಿದು ಡ್ರೈವರನ ಪಕ್ಕ ಕೂತ. ಕೂಸಪ್ಪನ ತೊಡೆಯ ಮೇಲೆ ಒಂದು ತಗಡು, ಎದುರಿಗೆ ಎಂಬತ್ತಾರು ತೆರೆದ ಬಾಯಿ. ತಗಡು ಕತ್ತರಿಸಲು ಕತ್ತರಿ ತಂದಿದ್ದ, ಸೀಮೆಎಣ್ಣೆ ಡಬ್ಬಗಳನ್ನು ದಾರಿಯ ಅಂಗಡಿಗಳಲ್ಲಿ ಕೇಳಬೇಕು. ಆದರೆ ಮೊದಲು ಆ ಯಂತ್ರಗಳನ್ನು ನಿಲ್ಲಿಸಬೇಕು. ಪ್ರತಿ ತಿರುವಿನಲ್ಲೂ ಅವನು, "ಬೇಗ ಹೋಗಿ, ಬೇಗ," ಎನ್ನುತ್ತಿದ್ದ. ಡ್ರೈವರು ಬೇಗವೇ ಹೋಗುತ್ತಿದ್ದ.

ಪಟ್ಟಿಯ ಮೊದಲ ತೋಟ ನಾಲ್ಕು ಮೈಲಿ ದೂರದಲ್ಲಿತ್ತು. ಗೇಟಿನ ಹತ್ತಿರ ಬರುವಾಗಲೇ ಅಂಗಳದಲ್ಲಿ ಜನ ಗುಂಪಾಗಿ ನಿಂತದ್ದು ಕಂಡಿತು. ಹಣ್ಣು ತುಂಬುವ ಹೊತ್ತು, ಆದರೂ ಯಾರೂ ಕೆಲಸ ಮಾಡುತ್ತಿರಲಿಲ್ಲ. ಗುಂಪಿನ ನಡುವೆ ಕಟ್ಟೆಯ ಮೇಲೆ ಒಬ್ಬಳು ಹುಡುಗಿ ಕೂತಿದ್ದಳು, ಹದಿನಾಲ್ಕೋ ಹದಿನೈದೋ. ಬಲಗೈಗೆ ಪಂಚೆ ಸುತ್ತಿತ್ತು. ಪಂಚೆಯ ಬಣ್ಣ ಏನಿತ್ತೋ ತಿಳಿಯುತ್ತಿರಲಿಲ್ಲ.

ಲಾರಿಯ ಮೇಲಿನ ಕಾರ್ಖಾನೆಯ ಹೆಸರು ನೋಡಿ ಒಬ್ಬ ಮುದುಕ ಕತ್ತಿ ಹಿಡಿದೇ ಅಡ್ಡ ಬಂದ. ಆ ಹುಡುಗಿಯ ಅಪ್ಪನೋ ಅಜ್ಜನೋ ಇರಬೇಕು. "ಯಾರು ಮಾಡಿದ್ದು ಈ ಯಂತ್ರ?" ಎಂದು ಕೂಗಿದ. "ಇದ್ನ ಮಾಡ್ದವ ಯಾರು? ಅವನ್ನ ನಂಗೆ ತೋರಿಸಿ!"

ಮಂಜುನಾಥ ಪಟ್ಟಿಯ ಕಡೆ ನೋಡುತ್ತ ಕೂತ. ಕೂಸಪ್ಪ ಬಿಳಿ ಅಂಗಿಯಲ್ಲಿ ಲಾರಿಯಿಂದ ಕೆಳಗೆ ಇಳಿದ.

"ನಾನು," ಎಂದ.